ಓರೆಯಾಗಿ ಅಳೆದರೆ ಹೊಲ ದೊಡ್ಡದು: ಸೀಳಿದ ಮಹಾಪಧಮನಿಯನ್ನು ವರ್ಷಗಟ್ಟಲೆ ಕಾಯುವ ಬಗೆ

ಗದಗಿನಲ್ಲಿರುವ ನಮ್ಮ ಸೋದರಮಾವನ ಮನೆಯಲ್ಲಿ ಒಂದು ತಗಡಿನ ಟ್ರಂಕು ಇದೆ. ಮಾವ ಮೂವತ್ತು ವರ್ಷ ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದವರು. ಆಗ ಆ ಟ್ರಂಕಿನ ತುಂಬ ಪೋಡಿ ನಕ್ಷೆಗಳು, ಟಿಪ್ಪಣಿ ಪ್ರತಿಗಳು, ಹಿಸ್ಸಾ ಲೆಕ್ಕಗಳು ಇರುತ್ತಿದ್ದವು. ಈಗ ಇರುವುದು ಅವರದೇ ಎದೆ ಮತ್ತು ಹೊಟ್ಟೆಯ ಸಿ.ಟಿ. ಫಿಲ್ಮುಗಳು, ಸಿ.ಡಿ.ಗಳು, ವರದಿಗಳು. ಪ್ರತಿ ಲಕೋಟೆಯ ಮೇಲೂ ಕೆಂಪು ಶಾಯಿಯಲ್ಲಿ ತಾರೀಖು, ಅದರ ಕೆಳಗೆ 1/1, 1/2, 1/3 ಎಂದು ಸಂಖ್ಯೆ. ಸರ್ವೆ ನಂಬರ್ ಒಂದು, ಹಿಸ್ಸಾ ಇಷ್ಟು ಎಂದು ಅರ್ಥ. ಅಳತೆಗೆ ಬಿದ್ದಿರುವ ಹೊಲ ಅವರ ಮಹಾಪಧಮನಿ.

ಅದರಲ್ಲಿ 1/4 ಎಂಬ ಲಕೋಟೆ ನಮ್ಮನ್ನೆಲ್ಲ ಒಂದು ವಾರ ನಿದ್ದೆಗೆಡಿಸಿತ್ತು. ಆ ಸಲ ಎಂದಿನ ಕಡೆ ದಿನ ಹೊಂದಲಿಲ್ಲವೆಂದು ಬೇರೊಂದು ಸ್ಕ್ಯಾನ್ ಕೇಂದ್ರಕ್ಕೆ ಹೋಗಿದ್ದರು. ಆರು ತಿಂಗಳ ಹಿಂದೆ 41 ಮಿಲಿಮೀಟರ್ ಇದ್ದ ನಾಳ ಈಗ 46 ಆಗಿದೆ ಎಂದು ವರದಿ ಬಂತು. ಅತ್ತೆ ವೀರನಾರಾಯಣನಿಗೆ ಹರಕೆ ಹೊತ್ತರು. ಊರಿನ ಬಂಧುಗಳು ಒಬ್ಬೊಬ್ಬರಾಗಿ ಬಂದು ಚಹಾ ಕುಡಿದು, ಬೆಂಗಳೂರಿನ ಆಸ್ಪತ್ರೆಗಳ ಹೆಸರು ಹೇಳಿ ಹೋದರು. ನಾಲ್ಕನೆಯ ದಿನ ನಾನು ಧಾರವಾಡದಲ್ಲಿ ಶಾಲೆಗೆ ರಜೆ ಹಾಕಿ, ಮಾವನನ್ನೂ ಟ್ರಂಕಿನೊಳಗಿನ ಅಷ್ಟೂ ಲಕೋಟೆಗಳನ್ನೂ ಕರೆದುಕೊಂಡು ಹುಬ್ಬಳ್ಳಿಯ ವೈದ್ಯರ ಬಳಿ ಹೋದೆ. ಅವರು ವರದಿಯನ್ನು ಬದಿಗಿಟ್ಟರು. ಹಳೆಯ ಸಿ.ಡಿ., ಹೊಸ ಸಿ.ಡಿ. ಎರಡನ್ನೂ ಒಂದೇ ಪರದೆಯಲ್ಲಿ ತೆರೆದರು. ಹೊಸ ಚಿತ್ರವನ್ನು ಆ ಕಡೆ ಈ ಕಡೆ ತಿರುಗಿಸಿ, ಒಂದು ಗೆರೆ ಎಳೆದು, “42” ಎಂದರು. “ಕೊಳವೆ ಇಲ್ಲಿ ಬಾಗಿದೆ. ಅವರು ಓರೆಯಾಗಿ ಅಳೆದಿದ್ದಾರೆ.”

ಮಾವ ಆ ವಾರದಲ್ಲಿ ಮೊದಲ ಬಾರಿಗೆ ನಕ್ಕರು. “ಕಪ್ಪತಗುಡ್ಡದ ಇಳಿಜಾರಿನ ಹೊಲಕ್ಕೆ ಸರಪಳಿ ಹಾಸಿದ ಹಾಗಾಯಿತು ಸಾಹೇಬರೇ” ಎಂದರು. ವೈದ್ಯರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ವಿಜ್ಞಾನ ಪಾಠ ಹೇಳುವ ನಾನು ಈ ಕಾಯಿಲೆಯ ಕುರಿತು ಆವರೆಗೆ ಓದಿದ್ದಕ್ಕಿಂತ ಹೆಚ್ಚನ್ನು ಆ ಒಂದು ಮಾತು ಕಲಿಸಿತು.

ಮಹಾಪಧಮನಿ ಎಂದರೆ ಹೃದಯದ ಎಡಗೋಣೆಯಿಂದ ಹೊರಟು, ಮೇಲೇರಿ, ಕೊಡೆಯ ಹಿಡಿಕೆಯಂತೆ ಬಾಗಿ, ಬೆನ್ನುಮೂಳೆಗೆ ಒರಗಿಕೊಂಡು ಹೊಕ್ಕುಳಿನ ಮಟ್ಟಕ್ಕೆ ಇಳಿದು, ಅಲ್ಲಿ ಎರಡೂ ಕಾಲುಗಳತ್ತ ಕವಲೊಡೆಯುವ ದೊಡ್ಡ ರಕ್ತನಾಳ. ದೇಹದಲ್ಲಿ ಇದಕ್ಕಿಂತ ದೊಡ್ಡ ಧಮನಿ ಇಲ್ಲ. ನಿಮಿಷಕ್ಕೆ 70 ಬಡಿತ ಎಂದು ಹಿಡಿದರೆ ದಿನಕ್ಕೆ ಒಂದು ಲಕ್ಷ ಬಾರಿ ಇದರ ಗೋಡೆಗೆ ರಕ್ತದ ಹೊಡೆತ ಬೀಳುತ್ತದೆ. ಗೋಡೆಗೆ ಮೂರು ಪದರ. ಒಳಗೆ ನುಣುಪಾದ ತೆಳು ಪದರ, ನಡುವೆ ಹಿಗ್ಗಿ ಕುಗ್ಗುವ ದಪ್ಪ ಪದರ, ಹೊರಗೆ ಗಟ್ಟಿ ಹೊದಿಕೆ.

ನರಗುಂದ, ನವಲಗುಂದದ ಕಡೆಯವರಿಗೆ ಮಲಪ್ರಭಾ ಕಾಲುವೆ ಗೊತ್ತು. ಅಂಥ ಕಾಲುವೆಯ ಒಳಮೈಗೆ ಹೊದಿಸಿದ ಚಪ್ಪಡಿಗಳ ಸಂದು ಒಂದು ಕಡೆ ಬಿಟ್ಟಿತು ಎನ್ನಿ. ನೀರು ಹೊದಿಕೆಯ ಹಿಂದಕ್ಕೆ ನುಗ್ಗುತ್ತದೆ. ಹಿಂದಿನ ಎರೆಮಣ್ಣು ಕೊಚ್ಚಿಹೋಗಿ ಅಲ್ಲೊಂದು ಕಳ್ಳದಾರಿ ಆಗುತ್ತದೆ. ಚಪ್ಪಡಿ ಒಳಮುಖವಾಗಿ ಬಾಗಿ ಅಸಲು ಕಾಲುವೆಯನ್ನೇ ಕಿರಿದು ಮಾಡುತ್ತದೆ. ಈಗ ನೀರು ಹರಿಯುವುದು ಎರಡು ದಾರಿಯಲ್ಲಿ: ಕಟ್ಟಿದ ದಾರಿ ಒಂದು, ಕೊರೆದ ದಾರಿ ಒಂದು. ಮಹಾಪಧಮನಿಯ ಸೀಳು, ಅಂದರೆ ಅಯೋರ್ಟಿಕ್ ಡಿಸೆಕ್ಷನ್, ಹೆಚ್ಚುಕಡಿಮೆ ಇದೇ. ಒಳಪದರ ಹರಿದು, ರಕ್ತ ನಡುಪದರಕ್ಕೆ ನುಗ್ಗಿ, ಗೋಡೆಯನ್ನು ಉದ್ದಕ್ಕೆ ಎರಡಾಗಿ ಬಿಡಿಸುತ್ತದೆ. ಮೊದಲಿನ ದಾರಿಗೆ ನಿಜನಾಳ ಎಂದೂ ಹೊಸದಕ್ಕೆ ಹುಸಿನಾಳ ಎಂದೂ ಕರೆಯೋಣ. ಹುಸಿನಾಳದ ಹೊರಗೋಡೆ ಎಂದರೆ ಹೊರಪದರ, ಅದಕ್ಕೆ ಅಂಟಿಕೊಂಡು ಉಳಿದಿರುವ ನಡುಪದರದ ಒಂದಿಷ್ಟು ಭಾಗ, ಅಷ್ಟೇ. ಅಪಾಯವೆಲ್ಲ ಅಲ್ಲಿದೆ.

ಹೀಗಾದಾಗ ಬರುವ ನೋವು ಸಾಮಾನ್ಯವಾಗಿ ಏಕಾಏಕಿ, ಮೊದಲ ಕ್ಷಣದಿಂದಲೇ ತೀವ್ರ. ಎದೆಯಲ್ಲೋ ಎರಡು ಹೆಗಲೆಲುಬುಗಳ ನಡುವೆಯೋ ಹರಿದಂತೆ ಅನಿಸುತ್ತದೆ. ಮಾವನಿಗೆ ಬಂದಾಗ ಮನೆಯವರೆಲ್ಲ ಗ್ಯಾಸ್ ಎಂದು ಓಂಕಾಳಿನ ನೀರು ಕುಡಿಸಿದ್ದೆವು. ವರ್ಷಗಳಿಂದ ಬಿ.ಪಿ. ಇದ್ದರೂ ಗುಳಿಗೆಯನ್ನು ನೆನಪಾದಾಗ ನುಂಗುತ್ತಿದ್ದ ಮನುಷ್ಯ. ಈ ಕಾಯಿಲೆಯ ರೋಗಿಗಳ ವಿವರವನ್ನು 1996ರಿಂದ ಕೂಡಿಡುತ್ತಿರುವ ಅಂತಾರಾಷ್ಟ್ರೀಯ ನೋಂದಣಿಯೊಂದಿದೆ. ಅದರ ಪ್ರಕಾರ ನಾಲ್ವರಲ್ಲಿ ಸುಮಾರು ಮೂವರಿಗೆ ಮೊದಲೇ ರಕ್ತದೊತ್ತಡ ಇರುತ್ತದೆ.

ಎಲ್ಲಿ ಸೀಳಿದೆ ಎಂಬುದರ ಮೇಲೆ ಮುಂದಿನ ಕಥೆ. ಹೃದಯದಿಂದ ಮೇಲೇರುವ ಭಾಗದಲ್ಲಿ ಸೀಳಿದ್ದರೆ ಅದು ಎ ಮಾದರಿ. ಚಿಕಿತ್ಸೆ ಸಿಗದಿದ್ದರೆ ಮೊದಲ ಎರಡು ದಿನಗಳಲ್ಲಿ ಗಂಟೆಗೆ ನೂರರಲ್ಲಿ ಒಬ್ಬಿಬ್ಬರಂತೆ ಸಾಯುತ್ತಾರೆ ಎಂದು ವೈದ್ಯ ಪಠ್ಯಗಳು ಹೇಳುತ್ತ ಬಂದಿವೆ. ಅಲ್ಲಿ ಕಾಯುವ ಮಾತಿಲ್ಲ, ಎದೆ ತೆರೆದು ಆ ಭಾಗವನ್ನು ಪಾಲಿಯೆಸ್ಟರ್ ಕೊಳವೆಯಿಂದ ಬದಲಿಸುತ್ತಾರೆ. ಮೇಲೇರುವ ಭಾಗ ಚೆನ್ನಾಗಿದ್ದು ಮುಂದಿನ ಭಾಗ ಸೀಳಿದ್ದರೆ ಬಿ ಮಾದರಿ. ಅಂಗಾಂಗಗಳಿಗೆ ರಕ್ತ ಹೋಗುತ್ತಿದ್ದರೆ, ನಾಳ ಒಡೆಯುವ ಲಕ್ಷಣ ಇಲ್ಲದಿದ್ದರೆ, ನೋವು ಮತ್ತು ಒತ್ತಡ ಹತೋಟಿಗೆ ಬಂದರೆ ಔಷಧವೇ ಮೊದಲ ಚಿಕಿತ್ಸೆ. ನಾಡಿಬಡಿತವನ್ನು 60ರ ಆಸುಪಾಸಿಗೆ, ಮೇಲಿನ ಬಿ.ಪಿ.ಯನ್ನು 120ರ ಕೆಳಗೆ ಇಳಿಸುತ್ತಾರೆ. ಮಾವನದು ಈ ಬಿ ಮಾದರಿ.

ಜನರಿಗೆ ಹೊಳೆಯದ ಸಂಗತಿ ಒಂದಿದೆ. ಎರಡೂ ಮಾದರಿಯಲ್ಲಿ ಬದುಕಿ ಮನೆಗೆ ಬಂದ ಬಹುಪಾಲು ಮಂದಿಯ ದೇಹದಲ್ಲಿ ಸೀಳಿದ ಮಹಾಪಧಮನಿ ಹಾಗೆಯೇ ಉಳಿದಿರುತ್ತದೆ. ಎ ಮಾದರಿಗೆ ಶಸ್ತ್ರಚಿಕಿತ್ಸೆ ಆದವರಲ್ಲೂ ಬದಲಿಸಿದ್ದು ಮೇಲಿನ ತುಂಡನ್ನು ಮಾತ್ರ, ಕೆಳಗಿನ ಸೀಳು ಅನೇಕರಲ್ಲಿ ಮುಂದುವರಿದೇ ಇರುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಯಿತು ಎಂದರೆ ವಾಸಿಯಾಯಿತು ಎಂದಲ್ಲ. ತುರ್ತು ಮುಗಿದು ಕಾವಲು ಶುರುವಾಯಿತು ಎಂದು. ಮೊದಲ 14 ದಿನ ತೀವ್ರ ಹಂತ, 90 ದಿನಗಳವರೆಗೆ ನಡುವಿನ ಹಂತ, ಆಮೇಲೆ ದೀರ್ಘಕಾಲದ ಹಂತ. ಈ ಕೊನೆಯ ಹಂತಕ್ಕೆ ಕೊನೆ ಇಲ್ಲ. ಒಂದು ತಿಂಗಳಿಗೆ, ಮೂರರಿಂದ ಆರು ತಿಂಗಳೊಳಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡುವುದು ವಾಡಿಕೆ. ಬದಲಾವಣೆ ಕಂಡರೆ ಅಂತರ ಕಡಿಮೆಯಾಗುತ್ತದೆ.

ಇದೆಲ್ಲ ಕಾಣಲು ಶುರುವಾದದ್ದು ಈಚೆಗೆ. 1760ರ ಅಕ್ಟೋಬರ್ 25ರ ಬೆಳಗ್ಗೆ ಇಂಗ್ಲೆಂಡಿನ ದೊರೆ ಎರಡನೆಯ ಜಾರ್ಜ್ ಶೌಚಕ್ಕೆ ಹೋದವನು ಅಲ್ಲೇ ಕುಸಿದು ಸತ್ತ. ವೈದ್ಯ ಫ್ರಾಂಕ್ ನಿಕೋಲ್ಸ್ ಶವಪರೀಕ್ಷೆ ಮಾಡಿ ಹರಿದ ಮಹಾಪಧಮನಿಯನ್ನು ವಿವರಿಸಿದ. ಆಮೇಲೂ ಬಹುಕಾಲ ಈ ಕಾಯಿಲೆ ಸಾಮಾನ್ಯವಾಗಿ ಗೊತ್ತಾಗುತ್ತಿದ್ದುದು ಸತ್ತ ಮೇಲೆಯೇ. 1971ರಲ್ಲಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರದಲ್ಲಿ ಮೊದಲ ರೋಗಿಯ ಚಿತ್ರ ಮೂಡಿದ ಮೇಲೆ ದೇಹವನ್ನು ಕೊಯ್ಯದೆ ಅಡ್ಡಸೀಳಾಗಿ ನೋಡುವ ದಾರಿ ತೆರೆಯಿತು. ಇನ್ನೂ ಒಂದು ಕಥೆ ಇದೆ. ಈ ಸೀಳುಗಳನ್ನು ವರ್ಗೀಕರಿಸಿದ, ಪತ್ನಿಯ ಹೊಲಿಗೆ ಯಂತ್ರದಲ್ಲಿ ಡೇಕ್ರಾನ್ ಬಟ್ಟೆಯ ಕೃತಕ ನಾಳ ಹೊಲಿದು ನೋಡಿದ ಅಮೆರಿಕದ ಶಸ್ತ್ರವೈದ್ಯ ಮೈಕೆಲ್ ಡಿಬೇಕಿಗೆ 2005ರ ಡಿಸೆಂಬರ್ 31ರಂದು, 97ನೆಯ ವಯಸ್ಸಿನಲ್ಲಿ, ಅದೇ ಕಾಯಿಲೆ ಬಂತು. ಮೊದಲು ಆಪರೇಷನ್ ಬೇಡವೆಂದರು. ವಾರಗಳು ಕಳೆದಂತೆ ಒಂದರ ಹಿಂದೆ ಒಂದು ಸ್ಕ್ಯಾನಿನಲ್ಲಿ ನಾಳ ಹಿಗ್ಗುತ್ತ ಹೋಯಿತು. ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಇನ್ನೂ ಎರಡು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು.

ಹಾಗಾದರೆ ಪ್ರತಿ ಬಾರಿ ಚಿತ್ರದಲ್ಲಿ ಹುಡುಕುವುದೇನನ್ನು? ಮೊದಲನೆಯದು ಅಗಲ. ಎದೆಯಲ್ಲಿ ಕೆಳಮುಖವಾಗಿ ಇಳಿಯುವ ಮಹಾಪಧಮನಿ ವಯಸ್ಕರಲ್ಲಿ ಸುಮಾರು 25ರಿಂದ 30 ಮಿ.ಮೀ. ಅಗಲ ಇರುತ್ತದೆ. ಸೀಳಿದ ಮೇಲೆ ಹೆಚ್ಚುತ್ತದೆ. ಒತ್ತಡ ಅಷ್ಟೇ ಇದ್ದರೂ ಕೊಳವೆಯ ಅಗಲ ಹೆಚ್ಚಿದಂತೆ ಗೋಡೆಯ ಮೇಲಿನ ಸೆಳೆತ ಹೆಚ್ಚುತ್ತದೆ ಎಂಬುದು ಭೌತಶಾಸ್ತ್ರದ ಹಳೆಯ ನಿಯಮ. ಹಿಗ್ಗಿದ್ದು ಇನ್ನಷ್ಟು ಹಿಗ್ಗಲು ಅದೇ ಕಾರಣ. ದೀರ್ಘಕಾಲದ ಸೀಳಿನಲ್ಲಿ ಅಗಲ 55ರಿಂದ 60 ಮಿ.ಮೀ. ಮುಟ್ಟಿದಾಗ ದುರಸ್ತಿಯ ಮಾತು ಬರುತ್ತದೆ. ಅದಕ್ಕೂ ಮೊದಲೇ ವರ್ಷದೊಳಗೆ 5 ಮಿ.ಮೀ. ಏರಿದರೆ ವೈದ್ಯರ ಹುಬ್ಬು ಗಂಟಿಕ್ಕುತ್ತದೆ. ಮೊದಲ ಸ್ಕ್ಯಾನಿನಲ್ಲೇ 40 ಮಿ.ಮೀ. ದಾಟಿದವರಲ್ಲಿ, ಅಥವಾ ಹುಸಿನಾಳವೊಂದೇ 22 ಮಿ.ಮೀ. ಇದ್ದವರಲ್ಲಿ, ಮುಂದೆ ಹಿಗ್ಗುವ ಸಾಧ್ಯತೆ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ.

ಎರಡನೆಯದು ಹುಸಿನಾಳದೊಳಗಿನ ರಕ್ತದ ಪಾಡು. ಇದು ನನಗೆ ಎಲ್ಲಕ್ಕಿಂತ ಕುತೂಹಲದ ಭಾಗ. ಹುಸಿನಾಳದಲ್ಲಿ ರಕ್ತ ಪೂರ್ತಿ ಹೆಪ್ಪುಗಟ್ಟಿ ಹರಿವು ನಿಂತರೆ ಒಳ್ಳೆಯದು. ಕಳ್ಳದಾರಿ ಮುಚ್ಚಿತು, ನಿಜನಾಳ ಹಿಗ್ಗಿ ತನ್ನ ಜಾಗ ತಾನು ತೆಗೆದುಕೊಳ್ಳುತ್ತದೆ. ಪೂರ್ತಿ ತೆರೆದಿದ್ದು ರಕ್ತ ಒಂದು ಕಡೆ ಒಳಬಂದು ಇನ್ನೊಂದು ಕಡೆ ಹೊರಹೋಗುತ್ತಿದ್ದರೆ ನಡುವಣ ಸ್ಥಿತಿ. ಅರ್ಧ ಹೆಪ್ಪು, ಅರ್ಧ ಹರಿವು ಇದ್ದರೆ? ಅರ್ಧವಾದರೂ ಮುಚ್ಚಿತಲ್ಲ ಎಂದು ಸಮಾಧಾನಪಡುವುದು ಸಹಜ. ಆದರೆ ಹೊಲದ ಕಾಲುವೆಗೆ ಮೇಲಿನ ಮಡೆ ತೆರೆದಿದ್ದು ಕೆಳಗಿನದು ಹೂಳಿನಿಂದ ಮುಚ್ಚಿದರೆ ಏನಾಗುತ್ತದೆ ಎಂದು ರೈತರನ್ನು ಕೇಳಿ. ನೀರು ಒಳಬರುತ್ತದೆ, ಹೋಗಲು ದಾರಿ ಇಲ್ಲ, ಒಡ್ಡಿನ ಮೇಲೆ ಭಾರ ಬೀಳುತ್ತದೆ. ಮೇಲೆ ಹೇಳಿದ ನೋಂದಣಿಯ ದತ್ತಾಂಶವನ್ನಿಟ್ಟುಕೊಂಡು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿ ಮಾದರಿಯವರಲ್ಲಿ ಅರ್ಧ ಹೆಪ್ಪುಗಟ್ಟಿದ ಹುಸಿನಾಳ ಇದ್ದವರು ಮನೆಗೆ ಹೋದ ಮೇಲೆ ಸಾಯುವ ಸಾಧ್ಯತೆ ಹೆಚ್ಚು ಎಂದು ತೋರಿಸಿತು. ಮುಂದಿನ ಅಧ್ಯಯನಗಳೆಲ್ಲ ಅದನ್ನು ಒಪ್ಪಿಲ್ಲ. ಆದರೂ ವರದಿಯಲ್ಲಿ ಈ ಸಾಲು ಇದೆಯೇ ಎಂದು ನಾನು ಮೊದಲು ನೋಡುತ್ತೇನೆ.

ಹೆಪ್ಪು ಕಂಡರೂ ಅದು ಹೆಪ್ಪೇ ಎಂದು ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಚಿತ್ರ ತೆಗೆದದ್ದು ಯಾವ ಕ್ಷಣದಲ್ಲಿ? ಸಿ.ಟಿ. ಆಂಜಿಯೋದಲ್ಲಿ ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರವ ಬಿಡುತ್ತಾರೆ. ಮೈಯೆಲ್ಲ ಒಮ್ಮೆ ಬಿಸಿಯಾಗುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ, ಮೂತ್ರ ಹೋಯಿತೇನೋ ಎಂದು ಗಾಬರಿಯಾಗುತ್ತದೆ. ಮಾವ ಮೊದಲ ಸಲ ಹೊರಬಂದಾಗ ನಾಚಿಕೆಯಿಂದ ಧೋತರ ಮುಟ್ಟಿ ನೋಡಿಕೊಂಡಿದ್ದರು. ಆ ದ್ರವ ಬೆರೆತ ರಕ್ತ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ನಿಜನಾಳದಲ್ಲಿ ಹರಿವು ವೇಗ, ಹುಸಿನಾಳದಲ್ಲಿ ಅನೇಕ ಸಲ ನಿಧಾನ. ಮೊದಲ ಸುತ್ತಿನ ಚಿತ್ರ ತೆಗೆಯುವಾಗ ದ್ರವ ಇನ್ನೂ ಹುಸಿನಾಳದ ಮೂಲೆ ತಲುಪಿರದಿದ್ದರೆ ಅಲ್ಲಿ ಕಪ್ಪು ಕಾಣುತ್ತದೆ. ನೋಡಿದವರು ಹೆಪ್ಪು ಎನ್ನುತ್ತಾರೆ. ಒಂದೆರಡು ನಿಮಿಷ ತಡೆದು ಎರಡನೆಯ ಸುತ್ತು ತೆಗೆದರೆ ಅದೇ ಜಾಗ ಬೆಳ್ಳಗಾಗಿರಬಹುದು. ಹೋದ ವರ್ಷ ತಡವಾದ ಸುತ್ತು ತೆಗೆದು, ಈ ವರ್ಷ ತೆಗೆಯದೆ, ಹುಸಿನಾಳ ಮುಚ್ಚುತ್ತಿದೆ ಎಂದು ಬರೆದರೆ ಬದಲಾದದ್ದು ನಾಳವಲ್ಲ, ಗಡಿಯಾರ.

ಮೂರನೆಯದು ಕವಲುಗಳು. ಕರುಳಿಗೆ, ಮೂತ್ರಪಿಂಡಗಳಿಗೆ, ಕಾಲುಗಳಿಗೆ ಹೋಗುವ ಕವಲುಗಳು ಯಾವ ನಾಳದಿಂದ ರಕ್ತ ಪಡೆಯುತ್ತಿವೆ ಎಂಬ ಪ್ರಶ್ನೆ. ಮಾವನ ಎಡ ಮೂತ್ರಪಿಂಡ ಹುಸಿನಾಳದ ನೀರನ್ನೇ ನೆಚ್ಚಿಕೊಂಡಿದೆ. ಹುಸಿನಾಳ ಪೂರ್ತಿ ಮುಚ್ಚಲಿ ಎಂದು ಬಯಸುವ ಹೊತ್ತಿಗೇ ಆ ಮೂತ್ರಪಿಂಡದ ಗತಿ ಏನು ಎಂದೂ ಕೇಳಬೇಕು. ಹೀಗಾಗಿ ಅವರ ಪ್ರತಿ ಸ್ಕ್ಯಾನಿನ ಜೊತೆಗೆ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯೂ ಇದೆ, ಎರಡೂ ಮೂತ್ರಪಿಂಡಗಳ ಗಾತ್ರವನ್ನು ಹೋಲಿಸುವುದೂ ಇದೆ.

ಈಗ 46ರ ಕಥೆಗೆ ಮರಳೋಣ. ಮಾವನ ಕಾಲದ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ, 40 ಗುಂಟೆಗೆ ಎಕರೆ. ಎರೆಹೊಲದ ಬಯಲಿನಲ್ಲಿ ಸರಪಳಿ ಹಾಸಿ ನಡೆದರೆ ಆಯಿತು. ಗುಡ್ಡದ ಇಳಿಜಾರಿನಲ್ಲಿ ಹಾಗಲ್ಲ. ನೆಲಕ್ಕೆ ಹಾಸಿ ಅಳೆದರೆ ಓರೆಯ ಉದ್ದ ಬರುತ್ತದೆ, ಅದು ನಕ್ಷೆಯ ಉದ್ದಕ್ಕಿಂತ ಹೆಚ್ಚು. ಸರಪಳಿಯನ್ನು ಮಟ್ಟಸವಾಗಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರು ಗುಡ್ಡದ ಹೊಲವನ್ನು ದೊಡ್ಡದು ಮಾಡಿ ಬರುತ್ತಿದ್ದರು ಎಂದು ಮಾವ ಹೇಳುತ್ತಾರೆ.

ಸಿ.ಟಿ. ಯಂತ್ರ ದೇಹವನ್ನು ರೊಟ್ಟಿಗಳನ್ನು ಪೇರಿಸಿದಂತೆ ಅಡ್ಡ ಪದರಗಳಾಗಿ ತೋರಿಸುತ್ತದೆ. ಆ ಪದರಗಳು ದೇಹಕ್ಕೆ ಅಡ್ಡವೇ ಹೊರತು ನಾಳಕ್ಕೆ ಅಡ್ಡವಲ್ಲ. ನಾಳ ನೆಟ್ಟಗೆ ಇಳಿಯುವ ಕಡೆ ಎರಡೂ ಒಂದೇ. ಬಾಗುವ ಕಡೆ ಅಲ್ಲ. ಮೂಲಂಗಿಯನ್ನು ನೇರವಾಗಿ ಕತ್ತರಿಸಿದರೆ ಬಿಲ್ಲೆ ಗುಂಡಗೆ ಬರುತ್ತದೆ, ಓರೆಯಾಗಿ ಕತ್ತರಿಸಿದರೆ ಉದ್ದಕ್ಕೆ ಬರುತ್ತದೆ. ಮೂಲಂಗಿ ಅದೇ. ಲೆಕ್ಕ ಹಾಕಿ ನೋಡಿ: 40 ಮಿ.ಮೀ. ಅಗಲದ ಕೊಳವೆಯನ್ನು 30 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಉದ್ದನೆಯ ಅಡ್ಡಳತೆ 46 ಮಿ.ಮೀ. ಬರುತ್ತದೆ. 45 ಡಿಗ್ರಿ ಓರೆಯಾದರೆ 57. ಮೊದಲನೆಯದು ಒಂದು ಮನೆಯನ್ನು ಹೆದರಿಸಲು ಸಾಕು, ಎರಡನೆಯದು ಬೇಡದ ಆಪರೇಷನ್ನಿಗೇ ಸಾಕು. ಅದಕ್ಕಾಗಿ ಅಳೆಯುವವರು ಮೊದಲು ನಾಳದ ಉದ್ದಕ್ಕೂ ನಡುಗೆರೆ ಎಳೆದು, ಆ ಗೆರೆಗೆ ಲಂಬವಾಗಿ ಚಿತ್ರವನ್ನು ಮತ್ತೆ ಕತ್ತರಿಸಿ ಅಳೆಯಬೇಕು. ಈಗಿನ ತಂತ್ರಾಂಶಗಳಲ್ಲಿ ಇದು ಕೆಲವು ನಿಮಿಷಗಳ ಕೆಲಸ. ಆ ನಿಮಿಷಗಳನ್ನು ಕೊಡುವವರು ಬೇಕು.

ಓರೆಯೊಂದೇ ಅಲ್ಲ. ಒಬ್ಬರು ಗೋಡೆಯನ್ನೂ ಸೇರಿಸಿ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯುತ್ತಾರೆ, ಇನ್ನೊಬ್ಬರು ಒಳ ಅಂಚಿನಿಂದ ಒಳ ಅಂಚಿಗೆ. ಬದುವನ್ನು ಯಾರ ಹೊಲಕ್ಕೆ ಸೇರಿಸಬೇಕು ಎಂಬ ಜಗಳವೇ ಇದು. ಒಬ್ಬರು ಎಡಗೈಗೆ ಹೋಗುವ ಕವಲಿನ ಕೆಳಗೆ ಅಳೆದರೆ ಇನ್ನೊಬ್ಬರು ಮತ್ತೆರಡು ಬೆರಳು ಕೆಳಗೆ ಅಳೆಯುತ್ತಾರೆ. ಹೃದಯದ ಹತ್ತಿರದ ಭಾಗ ಬಡಿತಕ್ಕೆ ತಕ್ಕಂತೆ ಕುಲುಕುತ್ತದೆ. ಎದೆಗೆ ಇ.ಸಿ.ಜಿ. ತಂತಿ ಹಚ್ಚಿ ಬಡಿತದ ಒಂದೇ ಹಂತದ ಚಿತ್ರಗಳನ್ನು ಆರಿಸಿಕೊಳ್ಳದಿದ್ದರೆ ಅಲ್ಲಿ ಅಂಚು ಮಸುಕಾಗಿ, ಸೀಳಿಲ್ಲದ ಕಡೆ ಸೀಳು ಇದ್ದಂತೆಯೂ ಕಾಣಬಹುದು. ಇದೆಲ್ಲ ಸೇರಿ, ಚೆನ್ನಾಗಿ ಅಳೆದರೂ ಎರಡು ಮೂರು ಮಿಲಿಮೀಟರ್ ಹೆಚ್ಚುಕಡಿಮೆ ಸಹಜ ಎಂದು ವೈದ್ಯರು ಹಿಡಿಯುತ್ತಾರೆ. 41 ಇದ್ದದ್ದು 42 ಆದರೆ ಅದು ಬೆಳವಣಿಗೆ ಎಂದೂ ಅಲ್ಲ, ಬೆಳೆದಿಲ್ಲ ಎಂದೂ ಅಲ್ಲ.

ಇಲ್ಲಿಗೆ ಒಂದು ಬಲೆ ಮುಗಿದು ಇನ್ನೊಂದು ಶುರುವಾಗುತ್ತದೆ. ಇದು ನಿಶ್ಶಬ್ದವಾದದ್ದು, ಆದ್ದರಿಂದ ಹೆಚ್ಚು ಕೆಟ್ಟದ್ದು. ಮಾವನ ಅಳತೆಗಳನ್ನು ಒಂದರ ಕೆಳಗೆ ಒಂದು ಬರೆದರೆ ಹೀಗಿವೆ: ಆಸ್ಪತ್ರೆಯಿಂದ ಬಿಡುವಾಗ 39, ಒಂದು ತಿಂಗಳಿಗೂ 39, ಆರು ತಿಂಗಳಿಗೆ 41, ವರ್ಷಕ್ಕೆ (ನೆಟ್ಟಗೆ ಅಳೆದಾಗ) 42, ಎರಡು ವರ್ಷಕ್ಕೆ 43, ಮೂರು ವರ್ಷಕ್ಕೆ 45. ಕೊನೆಯ ಎರಡೂ ವರದಿಗಳಲ್ಲಿ ಒಂದೇ ಸಾಲು: “ಹಿಂದಿನ ಸ್ಕ್ಯಾನಿಗೆ ಹೋಲಿಸಿದರೆ ಗಣನೀಯ ಬದಲಾವಣೆ ಇಲ್ಲ.” ಎರಡೂ ಸುಳ್ಳಲ್ಲ. 42ರಿಂದ 43, 43ರಿಂದ 45, ಎಲ್ಲವೂ ಅಳತೆಯ ತಪ್ಪಿನ ಮಿತಿಯೊಳಗೇ ಇವೆ. ನಾವು ಸಾಲನ್ನು ಓದಿ ಖುಷಿಯಿಂದ ಪೇಡೆ ಹಂಚಿದೆವು. ಮಾವ ಮಾತ್ರ ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು ಟ್ರಂಕಿನ ಮುಂದೆ ಕೂತರು.

“ಪಕ್ಕದ ಹೊಲದವನು ವರ್ಷಕ್ಕೊಂದು ಸಾಲು ಬದು ಒತ್ತಿ ಉಳುತ್ತಾನೆ” ಎಂದರು. “ಹೋದ ವರ್ಷಕ್ಕೆ ಹೋಲಿಸಿದರೆ ಒಂದು ಸಾಲು, ಯಾರೂ ಜಗಳ ಆಡುವುದಿಲ್ಲ. ಹತ್ತು ವರ್ಷ ಬಿಟ್ಟು ಬಾಂದುಕಲ್ಲಿನಿಂದ ಅಳೆದಾಗ ಅರ್ಧ ಗುಂಟೆ ಹೋಗಿರುತ್ತದೆ. ಹೋದ ವರ್ಷದ ಬದುವಿನಿಂದ ಅಳೆಯಬಾರದು ತಮ್ಮಾ, ಬಾಂದುಕಲ್ಲಿನಿಂದ ಅಳೆಯಬೇಕು.”

ಬಾಂದುಕಲ್ಲು ಎಂದರೆ ಇಲ್ಲಿ ಲಕೋಟೆ 1/1. 39ರಿಂದ 45ಕ್ಕೆ ಆರು ಮಿಲಿಮೀಟರ್. ಇದು ಅಳತೆಯ ತಪ್ಪಿಗೆ ಸಿಗುವ ಸಂಖ್ಯೆ ಅಲ್ಲ. ಮುಂದಿನ ಭೇಟಿಯಲ್ಲಿ ವೈದ್ಯರು ಮೊದಲನೆಯ ಸಿ.ಡಿ.ಯನ್ನೂ ಕೊನೆಯದನ್ನೂ ಅಕ್ಕಪಕ್ಕ ಇಟ್ಟು, ಒಂದೇ ಮಟ್ಟದಲ್ಲಿ, ಒಂದೇ ಕ್ರಮದಲ್ಲಿ ಮತ್ತೆ ಅಳೆದು ಹೌದೆಂದರು. ವರ್ಷಕ್ಕೆ ಸುಮಾರು ಎರಡು ಮಿ.ಮೀ. ನಿಧಾನದ ಬೆಳವಣಿಗೆ, ಗಾಬರಿಯಾಗುವಂಥದ್ದಲ್ಲ. ಆದರೆ ಸ್ಕ್ಯಾನಿನ ಅಂತರ ಆರು ತಿಂಗಳಿಗೆ ಇಳಿಯಿತು, ಬಿ.ಪಿ. ಗುಳಿಗೆ ಒಂದು ಹೆಚ್ಚಾಯಿತು, ಹೆಗಲ ಮೇಲೆ ಗೊಬ್ಬರದ ಚೀಲ ಹೊರುವುದು ನಿಂತಿತು.

ವರ್ಷಕ್ಕೆರಡು ಬಾರಿ ಸ್ಕ್ಯಾನ್ ಎಂದಾಗ ನನ್ನ ಮೊದಲ ಪ್ರಶ್ನೆ ವಿಕಿರಣದ್ದು. ಇಡೀ ಮಹಾಪಧಮನಿಯ ಸಿ.ಟಿ.ಗೆ ಯಂತ್ರ ಮತ್ತು ಸುತ್ತುಗಳಿಗೆ ತಕ್ಕಂತೆ ಸುಮಾರು 10ರಿಂದ 20 ಮಿಲಿಸೀವರ್ಟ್ ಆಗುತ್ತದೆ. ನೆಲ, ಗಾಳಿ, ಆಕಾಶದಿಂದ ನಮಗೆ ಸಹಜವಾಗಿ ಸಿಗುವುದು ವರ್ಷಕ್ಕೆ ಜಾಗತಿಕ ಸರಾಸರಿಯಲ್ಲಿ 2.4. ಎಪ್ಪತ್ತರ ಸಮೀಪದ ಮಾವನಿಗೆ ಈ ಲೆಕ್ಕ ಹೆಚ್ಚು ಭಾರವಲ್ಲ, ನಾಳ ಒಡೆಯುವ ಭಯ ಅದಕ್ಕಿಂತ ಎಷ್ಟೋ ದೊಡ್ಡದು. ಮಾರ್ಫಾನ್‌ನಂಥ ಆನುವಂಶಿಕ ಕಾರಣದಿಂದ ಮೂವತ್ತರಲ್ಲೇ ಸೀಳಿದವರಿಗೆ ಮುಂದಿನ ನಲವತ್ತು ವರ್ಷದ ಸ್ಕ್ಯಾನುಗಳನ್ನು ಕೂಡಿಸಿ ನೋಡಬೇಕಾಗುತ್ತದೆ. ಅಂಥವರಿಗೆ ಎಂ.ಆರ್.ಐ. ಒಳ್ಳೆಯದು. ಅದರಲ್ಲಿ ವಿಕಿರಣವಿಲ್ಲ, ಕಾಂಟ್ರಾಸ್ಟ್ ಇಲ್ಲದೆಯೂ ಅಗಲ ಅಳೆಯಬಹುದು, ರಕ್ತ ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಹರಿಯುತ್ತದೆ ಎಂಬುದನ್ನೂ ನೋಡಬಹುದು. ತೊಂದರೆ ಎಂದರೆ ಗುಡುಗುಡು ಸದ್ದಿನ ಕಿರಿದಾದ ಸುರಂಗದಲ್ಲಿ ಅರ್ಧ ಗಂಟೆಯೋ ಹೆಚ್ಚೋ ಅಲುಗದೆ ಮಲಗಬೇಕು, ಮತ್ತು ಅದನ್ನು ಮಾಡಿ ಓದಬಲ್ಲವರು ಎಲ್ಲ ಊರಲ್ಲೂ ಸಿಗುವುದಿಲ್ಲ. ಎದೆಯ ಮೇಲಿಂದ ಮಾಡುವ ಎಕೋ ಅಗ್ಗ, ನಿರಪಾಯ. ಹೃದಯದ ಕವಾಟವನ್ನೂ ಮೇಲೇರುವ ಭಾಗವನ್ನೂ ಅದು ಚೆನ್ನಾಗಿ ತೋರಿಸುತ್ತದೆ. ಬೆನ್ನಿಗೆ ಅಂಟಿ ಇಳಿಯುವ ಭಾಗಕ್ಕೆ ಅದರ ಕಣ್ಣು ಸರಿಯಾಗಿ ಹೋಗುವುದಿಲ್ಲ. ಎಕೋ ನಾರ್ಮಲ್ ಬಂತು, ಈ ವರ್ಷ ಸಿ.ಟಿ. ಬೇಡ ಎನ್ನುವ ಬಿ ಮಾದರಿಯವರು ತಪ್ಪು ಕಿಟಕಿಯಲ್ಲಿ ಇಣುಕುತ್ತಿದ್ದಾರೆ.

ಯಾವುದನ್ನು ಆರಿಸಿದರೂ ಒಂದನ್ನೇ ಹಿಡಿದುಕೊಂಡು ಹೋಗುವುದು ಹೋಲಿಕೆಗೆ ಅನುಕೂಲ. ಸಾಧ್ಯವಾದರೆ ಅದೇ ಕೇಂದ್ರ, ಅದೇ ಯಂತ್ರ, ಅದೇ ಬಗೆಯ ಸುತ್ತುಗಳು.

ದುರಸ್ತಿಯಾದವರಿಗೂ ಈ ಕಾವಲು ತಪ್ಪುವುದಿಲ್ಲ. ತೊಡೆಸಂದಿಯಿಂದ ತೂರಿಸಿ, ಬಟ್ಟೆ ಹೊದಿಸಿದ ಲೋಹದ ಬಲೆಯನ್ನು ನಿಜನಾಳದಲ್ಲಿ ಅರಳಿಸಿ, ಸೀಳಿನ ಬಾಯಿ ಮುಚ್ಚುವ ಸ್ಟೆಂಟ್ ಗ್ರಾಫ್ಟ್ ಈಗ ಸಾಮಾನ್ಯವಾಗಿದೆ. ಅದರ ಸುತ್ತ ರಕ್ತ ಸೋರುತ್ತಿದೆಯೇ, ಕೆಳತುದಿ ಗೋಡೆಯನ್ನು ಚುಚ್ಚಿ ಹೊಸ ಬಾಯಿ ತೆರೆದಿದೆಯೇ, ಹುಸಿನಾಳ ಮುಚ್ಚುತ್ತ ಬಂದಿದೆಯೇ ಎಂದು ನೋಡುತ್ತಿರಬೇಕು. ಸ್ಥಿರವಾಗಿದ್ದ 140 ಮಂದಿ ಬಿ ಮಾದರಿಯವರಲ್ಲಿ ಕೆಲವರಿಗೆ ಔಷಧ ಮಾತ್ರ, ಉಳಿದವರಿಗೆ ಔಷಧದ ಜೊತೆ ಈ ಸ್ಟೆಂಟ್ ಕೊಟ್ಟು ಹೋಲಿಸಿದ ಇನ್‌ಸ್ಟೆಡ್ ಎಂಬ ಅಧ್ಯಯನ ಯುರೋಪಿನಲ್ಲಿ ನಡೆಯಿತು. ಎರಡು ವರ್ಷಕ್ಕೆ ನೋಡಿದಾಗ ಬದುಕುಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಐದು ವರ್ಷದವರೆಗೆ ಕಾದು ನೋಡಿ 2013ರಲ್ಲಿ ಪ್ರಕಟಿಸಿದಾಗ, ಸ್ಟೆಂಟ್ ಇದ್ದವರಲ್ಲಿ ಮಹಾಪಧಮನಿಯಿಂದಾದ ಸಾವುಗಳೂ ಕಾಯಿಲೆ ಮುಂದುವರಿಯುವುದೂ ಕಡಿಮೆ ಇದ್ದವು. ಎರಡು ವರ್ಷಕ್ಕೇ ಕಡತ ಮುಚ್ಚಿದ್ದರೆ ತೀರ್ಪು ಬೇರೆಯೇ ಆಗುತ್ತಿತ್ತು.

ಈಚೆಗೆ ಕಂಪ್ಯೂಟರಿಗೆ ಎರಡು ಸ್ಕ್ಯಾನುಗಳನ್ನು ಕೊಟ್ಟು, ಹಳೆಯ ನಾಳದ ಆಕಾರವನ್ನು ಹೊಸದರ ಮೇಲೆ ಬಿಂದು ಬಿಂದುವಾಗಿ ಹೊಂದಿಸಿ, ಎಲ್ಲಿ ಎಷ್ಟು ಹಿಗ್ಗಿದೆ ಎಂದು ಬಣ್ಣದ ನಕ್ಷೆ ಬರೆಸುವ ವಿಧಾನಗಳು ಬರುತ್ತಿವೆ. ಒಂದೇ ಕಡೆ ಒಂದು ಗೆರೆ ಎಳೆಯುವ ಬದಲು ಇಡೀ ಗೋಡೆಯನ್ನೇ ಹೋಲಿಸಬಹುದು, ಅಳೆಯುವವರ ಕೈಯ ವ್ಯತ್ಯಾಸವೂ ಕಡಿಮೆಯಾಗುತ್ತದೆ. ಬಹುತೇಕ ಇನ್ನೂ ಸಂಶೋಧನೆಯ ಹಂತದಲ್ಲಿವೆ. ಮಾವನಿಗೆ ಮೊಬೈಲಿನಲ್ಲಿ ಅಂಥ ಚಿತ್ರ ತೋರಿಸಿದೆ. ಡ್ರೋನ್ ಸರ್ವೆ ಬಂದ ಮೇಲೆ ಸರಪಳಿ ಹಿಡಿಯುವವರನ್ನು ಯಾರು ಕೇಳುತ್ತಾರೆ ಎಂದರು. ಆದರೆ ಹೊಂದಿಸಲು ಹಳೆಯ ಚಿತ್ರ ಕಂಪ್ಯೂಟರಿಗೂ ಬೇಕು. ಕಾಗದದ ವರದಿ ಅಥವಾ ಫಿಲ್ಮು ಅದಕ್ಕೆ ಸಾಲದು. ಫಿಲ್ಮು ಆಯ್ದ ಕೆಲವು ಪದರಗಳ ಅಚ್ಚು ಮಾತ್ರ, ಅದನ್ನು ತಿರುಗಿಸಿ ಲಂಬವಾಗಿ ಕತ್ತರಿಸಲು ಬರುವುದಿಲ್ಲ. ಸಿ.ಡಿ.ಯಲ್ಲಿ ಡೈಕಾಮ್ ಎಂಬ ರೂಪದಲ್ಲಿರುವ ನೂರಾರು ಪದರಗಳೇ ಅಸಲು ದಾಖಲೆ. ಕೇಳದಿದ್ದರೆ ಕೆಲವು ಕಡೆ ಅದನ್ನು ಕೊಡುವುದಿಲ್ಲ, ಕೆಲವು ಕಾಲದ ಮೇಲೆ ಯಂತ್ರದಿಂದ ಅಳಿಸಿಯೂ ಹೋಗುತ್ತದೆ. ನಮ್ಮ 1/2ರ ಸಿ.ಡಿ. ಗೀರುಬಿದ್ದು ಈಗ ತೆರೆಯುವುದೇ ಇಲ್ಲ. ಅಂದಿನಿಂದ ಎಲ್ಲವನ್ನೂ ಪೆನ್‌ಡ್ರೈವಿಗೂ ನನ್ನ ಲ್ಯಾಪ್‌ಟಾಪಿಗೂ ನಕಲು ಮಾಡಿ ಇಡುತ್ತೇನೆ.

ನಡುವೆ ಹೊಸ ನೋವು ಬಂದರೆ ಇದಾವ ಲೆಕ್ಕವೂ ಅನ್ವಯಿಸುವುದಿಲ್ಲ. ಎದೆ, ಬೆನ್ನು, ಹೊಟ್ಟೆಯಲ್ಲಿ ಹಠಾತ್ ನೋವು, ಕಾಲು ತಣ್ಣಗಾಗುವುದು, ಕೈಕಾಲು ಸೋಲುವುದು, ಎಚ್ಚರ ತಪ್ಪುವುದು: ಇವಕ್ಕೆ ಮುಂದಿನ ತಾರೀಖು ಕಾಯುವ ಹಾಗಿಲ್ಲ. ಮಾವನ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇರುತ್ತದೆ, “ಮಹಾಪಧಮನಿ ಸೀಳು ಇದೆ, ಬಿ ಮಾದರಿ” ಎಂದು. ಎದೆನೋವೆಂದು ಹೋದ ಕಡೆ ಹೃದಯಾಘಾತವೆಂದು ಭಾವಿಸಿ ರಕ್ತದ ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಇವರಿಗೆ ಅದು ವಿಷವಾಗಬಹುದು.

ಹೋದ ತಿಂಗಳು ಏಳನೆಯ ಸ್ಕ್ಯಾನ್ ಆಯಿತು. ಗದಗದಿಂದ ಬೆಳಗಿನ ಬಸ್ಸು, ಖಾಲಿ ಹೊಟ್ಟೆ, ಕ್ರಿಯಾಟಿನಿನ್ ಚೀಟಿ, ಆಮೇಲೆ ಗಿರಮಿಟ್ ಮತ್ತು ಎರಡು ತಂಬಿಗೆ ನೀರು. ಎಂದಿನ ಕೇಂದ್ರ, ಎಂದಿನ ಯಂತ್ರ. ವರದಿ ಕೈಗೆ ಬಂದ ಕೂಡಲೇ ಮಾವ ಕೊನೆಯ ಸಾಲನ್ನು ಬಿಟ್ಟು ಅಳತೆಯ ಸಾಲನ್ನು ಹುಡುಕಿದರು. 45. ಯಾವ ಮಟ್ಟದಲ್ಲಿ, ಲಂಬವಾಗಿ ಅಳೆದದ್ದೇ, ಮೊದಲನೆಯದಕ್ಕೆ ಹೋಲಿಸಿದ್ದಾರೆಯೇ ಎಂದು ಕಿಟಕಿಯಲ್ಲಿದ್ದ ಹುಡುಗಿಯನ್ನು ಕೇಳಿದರು. ಆಕೆ ಒಳಗೆ ಹೋಗಿ ವೈದ್ಯರನ್ನು ಕೇಳಿ ಬಂದು, “ಹೌದು ಅಜ್ಜಾರೇ, ಮೂರೂ ಹೌದು” ಎಂದಳು. ಮಾವ ಜೇಬಿನಿಂದ ಕೆಂಪು ಪೆನ್ನು ತೆಗೆದು, ಅಲ್ಲೇ ಕೌಂಟರಿನ ಮೇಲೆ ಲಕೋಟೆಯನ್ನಿಟ್ಟುಕೊಂಡು, ತಾರೀಖಿನ ಕೆಳಗೆ 1/7 ಎಂದು ಬರೆದರು.